ಬೆಟ್ಟದ ಸ್ಪ್ರೂಸ್ ಕಾಡುಗಳ ಅವನತಿಯಲ್ಲಿ ಮಣ್ಣಿನ ಪಾತ್ರ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್ ಮತ್ತು ಯಾದಗಿರಿ ಜಿಲ್ಲೆಗಳಲ್ಲಿ ಮಣ್ಣು ವಿಜ್ಞಾನ ಹಾಗೂ ಪರಿಸರ ವಿಜ್ಞಾನ ಓದುವ ವಿದ್ಯಾರ್ಥಿಗಳು ಪಠ್ಯದಲ್ಲಿ ಯುರೋಪಿನ ಆಮ್ಲ ಮಳೆಯ ಅಧ್ಯಾಯಕ್ಕೆ ಬಂದಾಗ ಕೇಳುವ ಪ್ರಶ್ನೆಗಳನ್ನೂ, ಮಣ್ಣು ಪರೀಕ್ಷೆಯ ವರದಿ ಹಿಡಿದ ರೈತರು ಅದೇ ವಿಷಯವನ್ನು ಕೇಳಿದಾಗ ಎತ್ತುವ ಸಂದೇಹಗಳನ್ನೂ ಇಲ್ಲಿ ಒಟ್ಟಿಗೆ ಉತ್ತರಿಸಲಾಗಿದೆ. ಸುಣ್ಣಕಲ್ಲಿನ ಮೇಲೆ ಬದುಕುವ ನಮಗೆ ಸುಣ್ಣವೇ ಇಲ್ಲದ ಬೆಟ್ಟದ ಮಣ್ಣಿನ ಕಷ್ಟ ತಕ್ಷಣ ಮನಸ್ಸಿಗೆ ಬರುವುದಿಲ್ಲ. ಆದರೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಎರಡೂ ಹೆಚ್ಚು ಚೆನ್ನಾಗಿ ಅರ್ಥವಾಗುತ್ತವೆ ಎಂಬ ನಂಬಿಕೆಯಿಂದ ಉತ್ತರಗಳನ್ನು ತುಸು ವಿಸ್ತಾರವಾಗಿಯೇ ಬರೆದಿದ್ದೇವೆ.

ಸ್ಪ್ರೂಸ್ ಎಂದರೆ ಯಾವ ಮರ? ನಮ್ಮ ಭಾಗದಲ್ಲಿ ಎಲ್ಲಿಯಾದರೂ ಇದೆಯೇ?

ಸ್ಪ್ರೂಸ್ ಸೂಜಿಯಂಥ ಎಲೆಗಳುಳ್ಳ, ಚಳಿನಾಡಿನ, ನಿತ್ಯಹಸಿರು ಮರ. ಮಧ್ಯ ಯುರೋಪಿನ ಬೆಟ್ಟಗಳಲ್ಲಿ ಇರುವುದು ನಾರ್ವೆ ಸ್ಪ್ರೂಸ್. ಅಮೆರಿಕದ ಈಶಾನ್ಯ ಭಾಗದ ಬೆಟ್ಟಗಳಲ್ಲಿ ಇರುವುದು ಕೆಂಪು ಸ್ಪ್ರೂಸ್. ಭಾರತದಲ್ಲಿ ಕಾಶ್ಮೀರ, ಹಿಮಾಚಲ ಪ್ರದೇಶ ಹಾಗೂ ಉತ್ತರಾಖಂಡದ ಎತ್ತರದ ಕಣಿವೆಗಳಲ್ಲಿ ಪಶ್ಚಿಮ ಹಿಮಾಲಯದ ಸ್ಪ್ರೂಸ್ ಬೆಳೆಯುತ್ತದೆ. ಕರ್ನಾಟಕದಲ್ಲಿ ಇದರ ಕಾಡು ಎಲ್ಲಿಯೂ ಇಲ್ಲ, ನಮ್ಮ ಬಿಸಿಲಿಗೆ ಅದು ತಾಳುವುದೂ ಇಲ್ಲ. ಚಿಂಚೋಳಿಯ ಕುಂಚಾವರಂ ಅರಣ್ಯದಲ್ಲಿ ನಾವು ನೋಡುವ ಮರಗಳು ಬೇಸಿಗೆಯಲ್ಲಿ ಎಲೆ ಉದುರಿಸಿ ನೀರು ಉಳಿಸುವ ಜಾತಿಯವು. ಸ್ಪ್ರೂಸ್ ಹಾಗಲ್ಲ: ಒಂದೊಂದು ಸೂಜಿಯೆಲೆಯನ್ನೂ ಹಲವು ವರ್ಷ ಉಳಿಸಿಕೊಳ್ಳುತ್ತದೆ. ಈ ಗುಣವೇ ಮುಂದೆ ಅದರ ಸಂಕಟಕ್ಕೂ ಒಂದು ಕಾರಣವಾಗುತ್ತದೆ.

ಇನ್ನೊಂದು ಗುಣವನ್ನೂ ಮೊದಲೇ ಹೇಳಿಬಿಡಬೇಕು. ನಾರ್ವೆ ಸ್ಪ್ರೂಸಿನ ಬೇರುಗಳು ಸಾಮಾನ್ಯವಾಗಿ ಆಳಕ್ಕೆ ಇಳಿಯದೆ, ಮೇಲ್ಮಣ್ಣಿನಲ್ಲಿಯೇ ತಟ್ಟೆಯಂತೆ ಹರಡುತ್ತವೆ. ಮಣ್ಣು ತೇವದಿಂದ ಉಸಿರುಗಟ್ಟಿದ್ದರೆ ಅಥವಾ ಕೆಳಗಿನ ಪದರ ತೀರಾ ಆಮ್ಲೀಯವಾಗಿದ್ದರೆ ಇದು ಇನ್ನೂ ಹೆಚ್ಚಾಗುತ್ತದೆ.

ಕಾಡಿನ ಅವನತಿ ಎಂದರೆ ಅದು ಒಂದು ನಿರ್ದಿಷ್ಟ ರೋಗವೇ?

ಅಲ್ಲ. ಮೇಲ್ತುದಿ ತೆಳುವಾಗುವುದು, ಸೂಜಿಗಳು ಹಳದಿಯಾಗಿ ಅವಧಿಗೆ ಮೊದಲೇ ಉದುರುವುದು, ವಾರ್ಷಿಕ ಉಂಗುರಗಳು ಕಿರಿದಾಗುವುದು, ಕೊನೆಗೆ ಮರಗಳು ಒಂದೊಂದಾಗಿ ಅಥವಾ ಗುಂಪಾಗಿ ಒಣಗುವುದು ಇವೆಲ್ಲ ಸೇರಿದ ಸ್ಥಿತಿಗೆ ಅವನತಿ ಎನ್ನುತ್ತಾರೆ. ಇದರ ಹಿಂದೆ ಮೂರು ಬಗೆಯ ಕಾರಣಗಳು ಸೇರಿರುತ್ತವೆ. ಮಣ್ಣಿನ ಬಡತನದಂತಹವು ಮರವನ್ನು ದಶಕಗಳ ಕಾಲ ನಿಧಾನವಾಗಿ ದುರ್ಬಲಗೊಳಿಸುತ್ತವೆ. ಬರ, ಕಡು ಚಳಿ, ಬಿರುಗಾಳಿಯಂತಹವು ಒಂದೇ ಋತುವಿನಲ್ಲಿ ಪೆಟ್ಟು ಕೊಡುತ್ತವೆ. ತೊಗಟೆ ದುಂಬಿ, ಬೇರು ಕೊಳೆಸುವ ಶಿಲೀಂಧ್ರದಂತಹವು ಕಡೆಗೆ ಬಂದು ಮರವನ್ನು ಮುಗಿಸುತ್ತವೆ. ಕಣ್ಣಿಗೆ ಕಾಣುವುದು ಮೂರನೆಯದು, ಪತ್ರಿಕೆಯಲ್ಲಿ ಸುದ್ದಿಯಾಗುವುದು ಎರಡನೆಯದು. ಈ ಪುಟದ ವಿಷಯ ಮೊದಲನೆಯದು. ಮಣ್ಣೊಂದೇ ಕಾಡನ್ನು ಕೊಂದಿತು ಎಂದು ಇಲ್ಲಿ ಎಲ್ಲಿಯೂ ಹೇಳುತ್ತಿಲ್ಲ. ಅದೇ ಬರ, ಅದೇ ದುಂಬಿ ಎದುರಾದಾಗ ಯಾವ ಮರ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂಬುದನ್ನು ಬಹುಮಟ್ಟಿಗೆ ಮಣ್ಣು ನಿರ್ಧರಿಸುತ್ತದೆ ಎಂಬುದು ನಮ್ಮ ಮಾತು.

ಬೆಟ್ಟದ ಮಣ್ಣು ಮೊದಲಿನಿಂದಲೂ ಆಮ್ಲೀಯವಾಗಿತ್ತೇ, ಅಥವಾ ಹಾಗೆ ಮಾಡಲಾಯಿತೇ?

ಎರಡೂ ನಿಜ. ಜರ್ಮನಿಯ ಫಿಕ್ಟೆಲ್ ಬೆಟ್ಟ, ಹಾರ್ಟ್ಸ್, ಜೆಕ್ ಗಡಿಯ ಬೊಹೀಮಿಯಾ ಅರಣ್ಯ ಮುಂತಾದ ಕಡೆಗಳಲ್ಲಿ ತಳದ ಕಲ್ಲು ಹೆಚ್ಚಾಗಿ ಗ್ರಾನೈಟ್, ನೈಸ್, ಸ್ಫಟಿಕ ಶಿಲೆ ಅಥವಾ ಮರಳುಗಲ್ಲು. ಇವುಗಳಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಮೊದಲೇ ಕಡಿಮೆ, ಇರುವುದೂ ಬಹಳ ನಿಧಾನವಾಗಿ ಬಿಡುಗಡೆಯಾಗುತ್ತದೆ. ಮಳೆ ಹೆಚ್ಚು, ಆವಿಯಾಗುವುದು ಕಡಿಮೆ. ಆದ್ದರಿಂದ ಹೆಚ್ಚಾದ ನೀರು ಮಣ್ಣಿನ ಮೂಲಕ ಕೆಳಗೆ ಬಸಿಯುತ್ತಲೇ ಇರುತ್ತದೆ. ಚಳಿಯಲ್ಲಿ ಸೂಜಿಯೆಲೆಗಳು ಬೇಗ ಕೊಳೆಯದೆ ದಪ್ಪನೆಯ ಹುಳಿ ಹಾಸಾಗಿ ಶೇಖರವಾಗುತ್ತವೆ, ಅದರಿಂದ ಇಳಿಯುವ ಸಾವಯವ ಆಮ್ಲಗಳು ಕಬ್ಬಿಣ ಮತ್ತು ಅಲ್ಯೂಮಿನಿಯಂಗಳನ್ನು ಕರಗಿಸಿ ಕೆಳಪದರಕ್ಕೆ ಒಯ್ಯುತ್ತವೆ. ಹೀಗೆ ಮೇಲೆ ಬೂದಿಬಣ್ಣದ, ಕೆಳಗೆ ತುಕ್ಕುಬಣ್ಣದ ಪದರವುಳ್ಳ ಪಾಡ್‌ಸಾಲ್ ಮಣ್ಣು ಸಾವಿರಾರು ವರ್ಷಗಳಲ್ಲಿ ತಾನಾಗಿ ರೂಪುಗೊಂಡಿತು.

ಅದರ ಮೇಲೆ 19 ಮತ್ತು 20ನೇ ಶತಮಾನಗಳ ಕಲ್ಲಿದ್ದಲ ಹೊಗೆ ಬಂದು ಬಿದ್ದಿತು. ಸಾವಿರಾರು ವರ್ಷಗಳಲ್ಲಿ ಆಗಬೇಕಾದ ನಷ್ಟ ಕೆಲವೇ ದಶಕಗಳಲ್ಲಿ ನಡೆದುಹೋಯಿತು.

ಆಮ್ಲ ಮಳೆ ಮಣ್ಣಿನೊಳಗೆ ನಿಖರವಾಗಿ ಏನು ಮಾಡುತ್ತದೆ?

ಶುದ್ಧ ಮಳೆಯೂ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಕರಗಿಸಿಕೊಂಡು ಸ್ವಲ್ಪ ಆಮ್ಲೀಯವಾಗಿಯೇ ಇರುತ್ತದೆ. ಅದರ ರಸಸಾರ (pH, ಆಮ್ಲ-ಕ್ಷಾರದ ಅಳತೆ) ಸುಮಾರು 5.6. ಗಂಧಕದ ಡೈಆಕ್ಸೈಡ್ ಮತ್ತು ಸಾರಜನಕದ ಆಕ್ಸೈಡ್‌ಗಳು ಸೇರಿದಾಗ ಅದು 4ರಿಂದ 4.5ಕ್ಕೆ ಇಳಿಯಿತು. ರಸಸಾರದಲ್ಲಿ ಒಂದು ಅಂಕಿ ಇಳಿದರೆ ಆಮ್ಲತೆ ಹತ್ತು ಪಟ್ಟು ಹೆಚ್ಚುತ್ತದೆ ಎಂಬುದನ್ನು ನೆನಪಿಟ್ಟುಕೊಳ್ಳಿ.

ಜೇಡಿ ಕಣಗಳು ಮತ್ತು ಹ್ಯೂಮಸ್ (ಕೊಳೆತ ಸಾವಯವ ಪದಾರ್ಥ) ತಮ್ಮ ಮೇಲ್ಮೈಯಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಅಯಾನುಗಳನ್ನು, ಅಂದರೆ ವಿದ್ಯುದಂಶವುಳ್ಳ ಕಣಗಳನ್ನು, ಹಿಡಿದಿಟ್ಟುಕೊಂಡಿರುತ್ತವೆ, ಬೇರು ಊಟ ಮಾಡುವುದು ಈ ದಾಸ್ತಾನಿನಿಂದಲೇ. ಆಮ್ಲದ ಹೈಡ್ರೋಜನ್ ಅಯಾನುಗಳು ಬಂದು ಅವುಗಳ ಜಾಗ ಹಿಡಿಯುತ್ತವೆ. ಜಾಗ ಕಳೆದುಕೊಂಡ ಪೋಷಕಾಂಶಗಳು ಮಣ್ಣಿನ ನೀರಿಗೆ ಇಳಿಯುತ್ತವೆ, ಅಲ್ಲಿ ಜೊತೆಗೆ ಬಂದ ಸಲ್ಫೇಟ್ ಮತ್ತು ನೈಟ್ರೇಟ್ ಅವುಗಳನ್ನು ಕಟ್ಟಿಕೊಂಡು ತೊರೆಗೆ ಸಾಗಿಸುತ್ತವೆ. ಗಂಧಕದ ಮಳೆಯ ನಿಜವಾದ ಹಾನಿ ಇಲ್ಲಿದೆ: ಅದು ಹುಳಿಯನ್ನು ತಂದದ್ದಷ್ಟೇ ಅಲ್ಲದೆ, ಮಣ್ಣಿನ ಸಂಪತ್ತನ್ನು ಹೊರಗೆ ಒಯ್ಯುವ ವಾಹನವನ್ನೂ ತಂದಿತು.

ಜರ್ಮನಿಯ ಗಾಟಿಂಗನ್ ವಿಶ್ವವಿದ್ಯಾಲಯದ ಬರ್ನ್‌ಹಾರ್ಡ್ ಉಲ್ರಿಚ್ ಅವರು 1960ರ ದಶಕದ ಕೊನೆಯಿಂದ ಸೋಲಿಂಗ್ ಬೆಟ್ಟಪ್ರದೇಶದಲ್ಲಿ ಬೀಚ್ ಮತ್ತು ಸ್ಪ್ರೂಸ್ ಕಾಡುಗಳಿಗೆ ಏನು ಬರುತ್ತದೆ, ಅಲ್ಲಿಂದ ಏನು ಹೋಗುತ್ತದೆ ಎಂದು ವರ್ಷಗಟ್ಟಲೆ ಅಳೆದರು. ಮಣ್ಣು ಆಮ್ಲವನ್ನು ತಡೆಯುವ ಕೆಲಸ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ ಎಂದು ಅವರು ವಿವರಿಸಿದರು. ರಸಸಾರ 6.2ರ ಮೇಲಿರುವಾಗ ಸುಣ್ಣ ಕರಗಿ ಆಮ್ಲವನ್ನು ತಡೆಯುತ್ತದೆ. ಸುಣ್ಣ ಮುಗಿದ ಮೇಲೆ 5ರವರೆಗೆ ಕಲ್ಲಿನ ಸಿಲಿಕೇಟ್ ಖನಿಜಗಳು ಶಿಥಿಲವಾಗುತ್ತ ಆಮ್ಲವನ್ನು ತಡೆಯುತ್ತವೆ. ಅಲ್ಲಿಂದ 4.2ರವರೆಗೆ ಜೇಡಿ ಕಣಗಳ ದಾಸ್ತಾನು ಖರ್ಚಾಗುತ್ತದೆ. 4.2ರ ಕೆಳಗೆ ಅಲ್ಯೂಮಿನಿಯಂ ಕರಗಲು ಶುರುವಾಗುತ್ತದೆ, ಇನ್ನೂ ಕೆಳಗೆ ಕಬ್ಬಿಣ. ಬಹುಪಾಲು ಬೆಟ್ಟದ ಸ್ಪ್ರೂಸ್ ಕಾಡುಗಳ ಮೇಲ್ಮಣ್ಣು 20ನೇ ಶತಮಾನದ ಕೊನೆಯ ಹೊತ್ತಿಗೆ ಈ ಕೊನೆಯ ಮೆಟ್ಟಿಲುಗಳಲ್ಲಿ ನಿಂತಿತ್ತು.

ಅಲ್ಯೂಮಿನಿಯಂ ಎಲ್ಲ ಮಣ್ಣಿನಲ್ಲೂ ಇದೆಯಲ್ಲ, ಅಲ್ಲಿ ಮಾತ್ರ ವಿಷವಾದದ್ದು ಹೇಗೆ?

ಭೂಮಿಯ ಹೊರಪದರದಲ್ಲಿ ಆಮ್ಲಜನಕ ಮತ್ತು ಸಿಲಿಕಾನ್ ಬಿಟ್ಟರೆ ಅತಿ ಹೆಚ್ಚಾಗಿರುವ ಧಾತು ಅಲ್ಯೂಮಿನಿಯಂ. ಖನಿಜದೊಳಗೆ ಬಂಧಿಯಾಗಿರುವವರೆಗೆ ಅದು ನಿರಪಾಯಕಾರಿ. ರಸಸಾರ ಕುಸಿದಾಗ ಅದು ಮೂರು ಧನ ವಿದ್ಯುದಂಶವುಳ್ಳ ಅಯಾನಾಗಿ ನೀರಿಗೆ ಬಿಡುಗಡೆಯಾಗುತ್ತದೆ, ಆಗ ಬೇರಿನ ಮೇಲ್ಮೈಯಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕೂರಬೇಕಾದ ಜಾಗವನ್ನೆಲ್ಲ ತಾನೇ ಹಿಡಿಯುತ್ತದೆ. ಬೇರಿನ ತುದಿ ಮೊಂಡಾಗುತ್ತದೆ, ಕವಲೊಡೆಯುವುದು ನಿಲ್ಲುತ್ತದೆ, ಬೇರಿನೊಂದಿಗೆ ಕೂಡಿ ಬಾಳುವ ಉಪಕಾರಿ ಶಿಲೀಂಧ್ರಗಳ ಜಾಲವೂ ಬದಲಾಗುತ್ತದೆ. ಸೂಕ್ಷ್ಮ ಬೇರುಗಳು ಆಳದ ಖನಿಜ ಪದರವನ್ನು ಬಿಟ್ಟು ಮೇಲಿನ ಎಲೆಗೊಬ್ಬರದ ಹಾಸಿಗೆ ಸರಿಯುತ್ತವೆ. ಅಲ್ಲಿ ಅಲ್ಯೂಮಿನಿಯಂ ಸಾವಯವ ಪದಾರ್ಥದೊಂದಿಗೆ ಬಂಧಿಸಲ್ಪಟ್ಟಿರುವುದರಿಂದ ವಿಷದ ಅಂಶ ಕಡಿಮೆ. ಆದರೆ ಮಳೆ ನಿಂತರೆ ಮೊದಲು ಒಣಗುವ ಪದರವೂ ಅದೇ.

ಹಾಗಾಗಿ ಅಳೆಯಬೇಕಾದದ್ದು ಅಲ್ಯೂಮಿನಿಯಂ ಎಷ್ಟಿದೆ ಎಂಬುದಕ್ಕಿಂತ, ಅದಕ್ಕೆ ಹೋಲಿಸಿದರೆ ಕ್ಯಾಲ್ಸಿಯಂ ಎಷ್ಟಿದೆ ಎಂಬುದು. ಮಣ್ಣಿನ ನೀರಿನಲ್ಲಿ ಕ್ಯಾಲ್ಸಿಯಂ-ಅಲ್ಯೂಮಿನಿಯಂ ಮೋಲಾರ್ ಅನುಪಾತ (ತೂಕದಿಂದಲ್ಲ, ಕಣಗಳ ಎಣಿಕೆಯಿಂದ ಹಾಕುವ ಅನುಪಾತ) 1ಕ್ಕೆ ಇಳಿದರೆ ಮರಕ್ಕೆ ಹಾನಿಯಾಗುವ ಸಂಭವ ಸುಮಾರು ಶೇ 50 ಎಂದು 1995ರಲ್ಲಿ ಕ್ರೋನನ್ ಮತ್ತು ಗ್ರಿಗಲ್ ಎಂಬ ವಿಜ್ಞಾನಿಗಳು ಲೆಕ್ಕ ಹಾಕಿದರು. ಈ ಅಂಕಿಯನ್ನು ಗಡಿರೇಖೆ ಎಂದು ತಿಳಿಯಬಾರದು. ಪ್ರಯೋಗಾಲಯದ ಕುಂಡದಲ್ಲಿ ಸತ್ತ ಸಸಿಗಿಂತ ಕಾಡಿನ ದೊಡ್ಡ ಮರ ಬಹಳಷ್ಟು ಸಹಿಸಿಕೊಳ್ಳುತ್ತದೆ, ಆದ್ದರಿಂದ ಅದು ಅಪಾಯದ ಸೂಚಕ ಮಾತ್ರ.

ಸೂಜಿಗಳು ಹಳದಿಯಾಗುವುದೇಕೆ? ನಮ್ಮ ಶೇಂಗಾ, ಕಬ್ಬು ಹಳದಿಯಾಗುವುದೂ ಇದೇ ಕಾರಣಕ್ಕೆಯೇ?

ಈ ಪ್ರಶ್ನೆಯನ್ನು ಆಳಂದ, ಅಫಜಲಪುರ, ಭಾಲ್ಕಿ ಕಡೆಯ ರೈತರು ಬಹಳ ಸಲ ಕೇಳಿದ್ದಾರೆ. ಉತ್ತರ ನಿಜಕ್ಕೂ ಸ್ವಾರಸ್ಯಕರವಾದ್ದರಿಂದ ಬಿಡಿಸಿ ಹೇಳುವುದು ಒಳ್ಳೆಯದು.

1980ರ ದಶಕದಲ್ಲಿ ಫಿಕ್ಟೆಲ್ ಬೆಟ್ಟದ ಸ್ಪ್ರೂಸ್ ಮರಗಳಲ್ಲಿ ಕಂಡ ಹಳದಿಗೆ ಮೆಗ್ನೀಸಿಯಂ ಕೊರತೆ ಮುಖ್ಯ ಕಾರಣ. ಪತ್ರಹರಿತ್ತಿನ ಅಣುವಿನ ನಡುವೆ ಕೂರುವುದು ಮೆಗ್ನೀಸಿಯಂ. ಅದು ಗಿಡದೊಳಗೆ ಸುಲಭವಾಗಿ ಚಲಿಸುವ ಪೋಷಕಾಂಶ. ಬೇರಿನಿಂದ ಸಾಕಷ್ಟು ಬಾರದಿದ್ದಾಗ ಮರವು ಹಳೆಯ ಸೂಜಿಗಳಿಂದ ಅದನ್ನು ಕಿತ್ತು ಹೊಸ ಚಿಗುರಿಗೆ ಕೊಡುತ್ತದೆ. ಹೀಗಾಗಿ ರೆಂಬೆಯ ತುದಿಯ ಹೊಸ ಸೂಜಿಗಳು ಹಸಿರಾಗಿಯೇ ಇದ್ದು, ಒಳಗಿನ ಹಳೆಯವು ಹಳದಿಗೆ ತಿರುಗುತ್ತವೆ. ಬಿಸಿಲು ಬೀಳುವ ಮೇಲ್ಮುಖದಲ್ಲಿ ಈ ಹಳದಿ ಹೆಚ್ಚು ಎದ್ದು ಕಾಣುತ್ತದೆ.

ನಮ್ಮ ಸುಣ್ಣಯುಕ್ತ ಎರೆ ಭೂಮಿಯಲ್ಲಿ ಶೇಂಗಾ ಅಥವಾ ಕಬ್ಬಿನ ಹೊಸ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿಯುವುದು ಕಬ್ಬಿಣದ ಕೊರತೆಯಿಂದ. ಮಣ್ಣಿನಲ್ಲಿ ಕಬ್ಬಿಣ ಬೇಕಾದಷ್ಟಿದೆ, ಆದರೆ ರಸಸಾರ 8ರ ಆಸುಪಾಸಿನಲ್ಲಿ ಅದು ಕರಗುವುದಿಲ್ಲ. ಕಬ್ಬಿಣ ಗಿಡದೊಳಗೆ ಸುಲಭವಾಗಿ ಚಲಿಸದ ಕಾರಣ ಹಳೆಯ ಎಲೆ ತನ್ನ ಪಾಲನ್ನು ಬಿಟ್ಟುಕೊಡುವುದಿಲ್ಲ, ಹೊಸ ಎಲೆ ಸೊರಗುತ್ತದೆ. ಅಲ್ಲಿ ಆಮ್ಲ ಹೆಚ್ಚಾಗಿ ಮೆಗ್ನೀಸಿಯಂ ಬಸಿದುಹೋಯಿತು. ಇಲ್ಲಿ ಸುಣ್ಣ ಹೆಚ್ಚಾಗಿ ಕಬ್ಬಿಣ ಬೀಗ ಹಾಕಿಕೊಂಡು ಕುಳಿತಿದೆ. ಹಳದಿ ಎಲೆಯನ್ನು ಕಂಡ ಕೂಡಲೇ ಅದು ಹಳೆಯದೋ ಹೊಸದೋ ಎಂದು ನೋಡುವುದು ಎರಡೂ ಕಡೆ ಸಲ್ಲುವ ಮೊದಲ ಪರೀಕ್ಷೆ. ನಮ್ಮಲ್ಲಿ ಅನ್ನಭೇದಿಯ (ಕಬ್ಬಿಣದ ಸಲ್ಫೇಟ್) ಶೇ 0.5ರ ದ್ರಾವಣ ಸಿಂಪಡಿಸಿದರೆ ಎಲೆ ಕೆಲವೇ ದಿನಗಳಲ್ಲಿ ಹಸಿರಾಗುತ್ತದೆ. ಬೆಟ್ಟದ ಕಾಡಿಗೆ ಅಂತಹ ಶೀಘ್ರ ಪರಿಹಾರ ಇಲ್ಲ.

ಸಾರಜನಕವೆಂದರೆ ಗೊಬ್ಬರ ತಾನೇ? ಅದು ಹೆಚ್ಚಾದರೆ ಕಾಡಿಗೆ ಹಾನಿ ಹೇಗೆ?

ಬೆಟ್ಟದ ಕಾಡುಗಳು ಸಾವಿರಾರು ವರ್ಷ ಸಾರಜನಕದ ಕೊರತೆಯಲ್ಲಿಯೇ ಬದುಕಿದವು. ವಾಹನಗಳ ಹೊಗೆಯಿಂದ ನೈಟ್ರೇಟ್, ಪಶುಸಂಗೋಪನೆಯ ಅಮೋನಿಯಾದಿಂದ ಅಮೋನಿಯಂ ಆಕಾಶದಿಂದ ಸುರಿಯತೊಡಗಿದಾಗ ಮರಗಳು ಮೊದಲು ಚುರುಕಾಗಿ ಬೆಳೆದವು. ಬೆಳೆಯುವ ಪ್ರತಿ ಸೂಜಿಗೂ ಮೆಗ್ನೀಸಿಯಂ, ಕ್ಯಾಲ್ಸಿಯಂ ಬೇಕು. ಅವು ಮಣ್ಣಿನಲ್ಲಿ ಇಲ್ಲ. ಫಿಕ್ಟೆಲ್ ಬೆಟ್ಟದ ಹಳದಿಯನ್ನು ವಿವರಿಸುವಾಗ ಎರ್ನ್‌ಸ್ಟ್-ಡೆಟ್ಲೆಫ್ ಶುಲ್ಟ್ಸೆ ಅವರು 1989ರಲ್ಲಿ ಒತ್ತಿ ಹೇಳಿದ್ದು ಈ ಅಸಮತೋಲವನ್ನೇ. ಇದಲ್ಲದೆ ಅಮೋನಿಯಂ ಬೇರಿನ ಬಾಗಿಲಲ್ಲಿ ಮೆಗ್ನೀಸಿಯಂ ಜೊತೆ ಪೈಪೋಟಿಗೆ ನಿಲ್ಲುತ್ತದೆ, ಮರ ಬಳಸದೆ ಉಳಿದದ್ದು ನೈಟ್ರೇಟ್ ಆಗಿ ಬಸಿಯುವಾಗ ಮತ್ತಷ್ಟು ಕ್ಯಾಲ್ಸಿಯಂ ಕೊಂಡೊಯ್ಯುತ್ತದೆ. ಯೂರಿಯಾ ಒಂದನ್ನೇ ಸುರಿದು ಉಳಿದ ಪೋಷಕಾಂಶ ಮರೆಯುವ ಹೊಲದಲ್ಲಿಯೂ ಇದೇ ಅಸಮತೋಲ ಉಂಟಾಗುತ್ತದೆ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇವೆ.

ತಪ್ಪಲಿಗಿಂತ ಬೆಟ್ಟದ ಮೇಲೆ ಹಾನಿ ಹೆಚ್ಚು ಏಕೆ?

ಎತ್ತರದಲ್ಲಿ ಮಳೆ ಹೆಚ್ಚು, ಮಣ್ಣು ತೆಳು, ಖನಿಜಗಳು ಚಳಿಯಲ್ಲಿ ಇನ್ನೂ ನಿಧಾನವಾಗಿ ಶಿಥಿಲವಾಗುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ ಶಿಖರಗಳು ವರ್ಷದ ಬಹುಕಾಲ ಮೋಡದೊಳಗೇ ಇರುತ್ತವೆ, ಮೋಡದ ಹನಿಯ ಆಮ್ಲತೆ ಮಳೆಹನಿಗಿಂತ ಹಲವು ಪಟ್ಟು ಹೆಚ್ಚು. ವರ್ಷವಿಡೀ ಎಲೆ ಉಳಿಸಿಕೊಳ್ಳುವ ಸ್ಪ್ರೂಸಿನ ದಟ್ಟ ಸೂಜಿಗಳು ಈ ಮಂಜನ್ನೂ ಒಣ ಕಣಗಳನ್ನೂ ಗಾಳಿಯಿಂದ ಸೋಸಿ ಹಿಡಿಯುತ್ತವೆ. ಅದೆಲ್ಲ ಮುಂದಿನ ಮಳೆಗೆ ತೊಳೆದು ಬುಡಕ್ಕೆ ಇಳಿಯುತ್ತದೆ. ಸೋಲಿಂಗ್‌ನಲ್ಲಿ ಅಕ್ಕಪಕ್ಕದ ಬೀಚ್ ಕಾಡಿಗಿಂತ ಸ್ಪ್ರೂಸ್ ಕಾಡಿನ ನೆಲಕ್ಕೆ ಹೆಚ್ಚು ಗಂಧಕ ಬಿದ್ದದ್ದು ಇದೇ ಕಾರಣಕ್ಕೆ.

ಅಮೆರಿಕದ ಕೆಂಪು ಸ್ಪ್ರೂಸಿಗೂ ಇದೇ ಆಯಿತೇ?

ಮೂಲ ಒಂದೇ, ಪೆಟ್ಟು ಬಿದ್ದ ಜಾಗ ಬೇರೆ. ವರ್ಮಾಂಟ್ ರಾಜ್ಯದ ಕ್ಯಾಮಲ್ಸ್ ಹಂಪ್ ಬೆಟ್ಟದಲ್ಲಿ 1960ರ ದಶಕದ ಮಧ್ಯದಿಂದ 1970ರ ದಶಕದ ಕೊನೆಯೊಳಗೆ ಕೆಂಪು ಸ್ಪ್ರೂಸ್ ಸುಮಾರು ಅರ್ಧದಷ್ಟು ಕಡಿಮೆಯಾಯಿತು. ಅಲ್ಲಿ ಮರಗಳು ಹಳದಿಯಾಗಿ ಸಾಯಲಿಲ್ಲ. ಚಳಿಗಾಲದ ಕೊನೆಯಲ್ಲಿ ಹಿಂದಿನ ವರ್ಷದ ಸೂಜಿಗಳು ಕೆಂಪುಕಂದಾಗಿ ಉದುರಿದವು. ಸೂಜಿಯ ಜೀವಕೋಶದ ಪೊರೆಗೆ ಅಂಟಿರುವ ಕ್ಯಾಲ್ಸಿಯಂ ಚಳಿ ತಾಳುವ ಶಕ್ತಿಗೆ ಅಗತ್ಯ. ಆಮ್ಲ ಮಂಜು ಅದನ್ನು ಎಲೆಯಿಂದಲೇ ತೊಳೆಯಿತು, ಬಡವಾದ ಮಣ್ಣು ಅದನ್ನು ಮತ್ತೆ ತುಂಬಿಕೊಡಲಾರದೆ ಹೋಯಿತು.

ಇದನ್ನು ಸಾಬೀತುಪಡಿಸಿದ ಪ್ರಯೋಗವನ್ನು ನಾವು ಬಹಳ ಮೆಚ್ಚುತ್ತೇವೆ. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹಬ್ಬರ್ಡ್ ಬ್ರೂಕ್ ಪ್ರಾಯೋಗಿಕ ಅರಣ್ಯದಲ್ಲಿ 1963ರಿಂದ ಜೀನ್ ಲೈಕನ್ಸ್, ಹರ್ಬರ್ಟ್ ಬೋರ್ಮನ್ ಮತ್ತು ಅವರ ಸಂಗಡಿಗರು ಒಂದೊಂದು ಕಿರುಜಲಾನಯನಕ್ಕೂ ಬರುವ ಮಳೆಯನ್ನೂ ಹೊರಡುವ ತೊರೆಯನ್ನೂ ಅಳೆಯುತ್ತ ಬಂದರು. ದಶಕಗಳಲ್ಲಿ ಮಣ್ಣು ಕ್ಯಾಲ್ಸಿಯಂ ಕಳೆದುಕೊಂಡಿದೆ ಎಂದು 1996ರಲ್ಲಿ ಅವರ ತಂಡ ತೋರಿಸಿತು. 1999ರ ಅಕ್ಟೋಬರಿನಲ್ಲಿ ಒಂದು ಇಡೀ ಜಲಾನಯನದ ಮೇಲೆ ಹೆಲಿಕಾಪ್ಟರಿನಿಂದ ಕ್ಯಾಲ್ಸಿಯಂ ಸಿಲಿಕೇಟ್ ಖನಿಜವನ್ನು ಹರಡಲಾಯಿತು. 2003ರ ಕಡು ಚಳಿಗಾಲದಲ್ಲಿ ಸುತ್ತಲಿನ ಕೆಂಪು ಸ್ಪ್ರೂಸ್ ಮರಗಳು ಬಹಳ ಬಾಡಿದವು, ಕ್ಯಾಲ್ಸಿಯಂ ಪಡೆದ ಜಲಾನಯನದ ಮರಗಳಿಗೆ ಆದ ಹಾನಿ ಸ್ಪಷ್ಟವಾಗಿ ಕಡಿಮೆಯಿತ್ತು.

ಮಣ್ಣು ಬಡವಾದದ್ದಕ್ಕೆ ಹೊಗೆಯೊಂದೇ ಕಾರಣವೇ?

ಖಂಡಿತ ಅಲ್ಲ. ಯುರೋಪಿನ ಹಳ್ಳಿಗರು ಶತಮಾನಗಳ ಕಾಲ ಕಾಡಿನ ನೆಲದ ತರಗೆಲೆಯನ್ನು ಗುಡಿಸಿ ಕೊಟ್ಟಿಗೆಗೆ ಹಾಸಲು ಒಯ್ದರು. ಅದರೊಂದಿಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ ಹೊಲದ ಕಡೆಗೆ ಹೋಯಿತು, ಕಾಡಿಗೆ ಹಿಂದಿರುಗಲಿಲ್ಲ. ಗಾಜು ಮತ್ತು ಗಣಿ ಉದ್ಯಮಗಳಿಗಾಗಿ ಮರ ಕಡಿದದ್ದೂ ಅಷ್ಟೇ. ಆಮೇಲೆ, ವಿಶೇಷವಾಗಿ 19ನೇ ಶತಮಾನದಲ್ಲಿ, ಬೀಚ್ ಮತ್ತು ಮಿಶ್ರ ಕಾಡುಗಳಿದ್ದ ಕಡೆ ಬೇಗ ಬೆಳೆಯುವ ಸ್ಪ್ರೂಸ್ ಒಂದನ್ನೇ ಸಾಲಾಗಿ ನೆಡಲಾಯಿತು. ಆಳದ ಬೇರಿನಿಂದ ಕ್ಯಾಲ್ಸಿಯಂ ಮೇಲಕ್ಕೆತ್ತಿ ಎಲೆಯ ಮೂಲಕ ಮೇಲ್ಮಣ್ಣಿಗೆ ಹಿಂದಿರುಗಿಸುತ್ತಿದ್ದ ಮರಗಳು ಇಲ್ಲವಾದವು. ತೊಗರಿ ಕಟ್ಟಿಗೆಯನ್ನು ವರ್ಷವೂ ಹೊಲದಿಂದ ಹೊರಗೆ ಒಯ್ಯುವ ನಮಗೆ ಈ ಲೆಕ್ಕ ಹೊಸದಲ್ಲ.

ತೊಗಟೆ ದುಂಬಿ ಮತ್ತು ಬರದಿಂದ ಸತ್ತ ಕಾಡುಗಳಿಗೂ ಮಣ್ಣಿಗೂ ಏನು ಸಂಬಂಧ?

2018ರಿಂದ 2020ರವರೆಗಿನ ಬರಗಳ ನಂತರ ಹಾರ್ಟ್ಸ್ ಬೆಟ್ಟ ಮತ್ತು ಜೆಕ್ ದೇಶದಲ್ಲಿ ವಿಶಾಲವಾದ ಸ್ಪ್ರೂಸ್ ಕಾಡುಗಳು ಸತ್ತವು, ಅಲ್ಲಿ ನೇರ ಕೊಲೆಗಾರ ಎಂಟು ಹಲ್ಲಿನ ತೊಗಟೆ ದುಂಬಿ. ಆರೋಗ್ಯವಂತ ಸ್ಪ್ರೂಸ್ ರಾಳ ಒಸರಿಸಿ ಕೊರೆಯುವ ದುಂಬಿಯನ್ನು ಮುಳುಗಿಸಿ ತಡೆಯುತ್ತದೆ. ರಾಳ ಒಸರಲು ಮರದೊಳಗೆ ನೀರು ಇರಬೇಕು, ನೀರಿಗೆ ಬೇರು ಆಳಕ್ಕೆ ಹೋಗಿರಬೇಕು. ತೆಳು ಮಣ್ಣಿನಲ್ಲಿ, ನೀರು ನಿಲ್ಲುವ ಬಿಗಿ ಮಣ್ಣಿನಲ್ಲಿ, ಅಲ್ಯೂಮಿನಿಯಂ ತುಂಬಿದ ಕೆಳಪದರದ ಮೇಲೆ ಬೇರು ಆಳಕ್ಕೆ ಹೋಗಿಲ್ಲ. ಬಿರುಗಾಳಿಗೆ ಮೊದಲು ಬುಡಸಮೇತ ಉರುಳುವುದೂ ಇಂತಹ ಜಾಗದ ಮರಗಳೇ, ಉರುಳಿದ ಮರದಲ್ಲಿ ದುಂಬಿ ಮರಿಮಾಡಿ ನಿಂತ ಮರಕ್ಕೆ ಹಬ್ಬುತ್ತದೆ.

ಇಷ್ಟು ಹೇಳಿದ ಮೇಲೂ ಒಂದು ಎಚ್ಚರಿಕೆ ಅಗತ್ಯ. ಈ ಇತ್ತೀಚಿನ ಸಾವುಗಳಲ್ಲಿ ತಾಪಮಾನ ಏರಿಕೆ ಮತ್ತು ಒಂದೇ ಜಾತಿಯ ನೆಡುತೋಪಿನ ಪಾಲು ದೊಡ್ಡದು. ಒಳ್ಳೆಯ ಮಣ್ಣಿನ ಸ್ಪ್ರೂಸ್ ಕೂಡ ತಗ್ಗಿನ ಬೆಚ್ಚಗಿನ ಪ್ರದೇಶಗಳಲ್ಲಿ ಸತ್ತಿದೆ.

ಹಾಗಾದರೆ 1980ರ ದಶಕದ ಭಯ ಅತಿಶಯೋಕ್ತಿಯಾಗಿತ್ತೇ?

ಜರ್ಮನಿಯ ಕಾಡೆಲ್ಲ ಕೆಲವೇ ವರ್ಷಗಳಲ್ಲಿ ನಾಶವಾಗುತ್ತದೆ ಎಂಬ ಭವಿಷ್ಯ ನಿಜವಾಗಲಿಲ್ಲ. ಯುರೋಪಿನ ಅನೇಕ ಕಡೆ ಅದೇ ಅವಧಿಯಲ್ಲಿ ಮರಗಳ ಬೆಳವಣಿಗೆ ಹೆಚ್ಚಾದದ್ದನ್ನೂ 1990ರ ದಶಕದ ಅಧ್ಯಯನಗಳು ದಾಖಲಿಸಿವೆ. ಅಲ್ಯೂಮಿನಿಯಂ ಎಲ್ಲೆಡೆಯೂ ಮುಖ್ಯ ಕಾರಣ ಎಂಬ ವಾದಕ್ಕೆ ವಿಜ್ಞಾನಿಗಳೊಳಗೇ ಬಲವಾದ ಆಕ್ಷೇಪ ಬಂದಿತು. ಆದರೆ ಜರ್ಮನಿ, ಪೋಲೆಂಡ್, ಜೆಕ್ ದೇಶಗಳು ಕೂಡುವ ಕಪ್ಪು ತ್ರಿಕೋನ ಎಂಬ ಪ್ರದೇಶದಲ್ಲಿ ಕಂದು ಕಲ್ಲಿದ್ದಲ ಹೊಗೆಗೆ ಬೆಟ್ಟದ ನೆತ್ತಿಗಳೇ ಬೋಳಾದದ್ದು ಕಣ್ಣಿಗೆ ಕಂಡ ಸತ್ಯ. ಅಲ್ಲಿ ಗಂಧಕದ ಅನಿಲ ಸೂಜಿಗಳನ್ನೇ ನೇರವಾಗಿ ಸುಟ್ಟಿತು. ಭವಿಷ್ಯ ಸುಳ್ಳಾದದ್ದಕ್ಕೆ ಒಂದು ಕಾರಣ ಜನರು ಭಯವನ್ನು ಗಂಭೀರವಾಗಿ ತೆಗೆದುಕೊಂಡದ್ದೂ ಹೌದು: ಗಡಿ ದಾಟುವ ವಾಯುಮಾಲಿನ್ಯದ ಬಗೆಗಿನ 1979ರ ಜಿನೀವಾ ಒಪ್ಪಂದ, 1985ರ ಹೆಲ್ಸಿಂಕಿ ಮತ್ತು 1994ರ ಓಸ್ಲೋ ಗಂಧಕ ಒಡಂಬಡಿಕೆಗಳು, ಅಮೆರಿಕದಲ್ಲಿ ಶುದ್ಧ ಗಾಳಿ ಕಾನೂನಿನ 1990ರ ತಿದ್ದುಪಡಿ ಇವುಗಳಿಂದ ಗಂಧಕದ ಹೊಗೆ ತೀವ್ರವಾಗಿ ಇಳಿಯಿತು.

ಮಳೆ ಶುದ್ಧವಾಗಿದ್ದರೂ ಮಣ್ಣು ಇನ್ನೂ ಚೇತರಿಸಿಲ್ಲ ಎನ್ನುತ್ತಾರಲ್ಲ?

ಕಳೆದುಹೋದ ಕ್ಯಾಲ್ಸಿಯಂ, ಮೆಗ್ನೀಸಿಯಂ ಮತ್ತೆ ಬರಬೇಕಾದದ್ದು ಕಲ್ಲಿನ ಶಿಥಿಲತೆಯಿಂದ. ಗ್ರಾನೈಟಿನಲ್ಲಿ ಅದು ಅತಿ ನಿಧಾನ. ಮೇಲಾಗಿ, ಹಿಂದೆ ಬಿದ್ದ ಗಂಧಕದ ಒಂದು ಭಾಗವನ್ನು ಮಣ್ಣು ಹಿಡಿದಿಟ್ಟುಕೊಂಡಿದ್ದು, ಮಳೆ ಶುದ್ಧವಾದ ಮೇಲೆ ಅದನ್ನು ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ಆ ಸಲ್ಫೇಟ್ ಹೊರಡುವಾಗ ಮತ್ತೆ ಪೋಷಕಾಂಶಗಳನ್ನು ಒಯ್ಯುತ್ತದೆ. ಹೀಗಾಗಿ ತೊರೆಯ ನೀರು ಮತ್ತು ಮಣ್ಣು ಮಳೆಗಿಂತ ದಶಕಗಳಷ್ಟು ಹಿಂದೆ ಬಿದ್ದಿವೆ. ಜರ್ಮನಿಯಲ್ಲಿ 1987ರಿಂದ 1993ರವರೆಗೆ ನಡೆದ ಮೊದಲ ರಾಷ್ಟ್ರೀಯ ಅರಣ್ಯ ಮಣ್ಣು ಸಮೀಕ್ಷೆಯನ್ನು 2006ರಿಂದ 2008ರವರೆಗಿನ ಎರಡನೆಯದರೊಂದಿಗೆ ಹೋಲಿಸಿದಾಗ ಮೇಲ್ಮಣ್ಣಿನಲ್ಲಿ ಸುಧಾರಣೆ ಕಂಡುಬಂದಿತು. ಕೆಂಪು ಸ್ಪ್ರೂಸ್ ಮರಗಳ ಬೆಳವಣಿಗೆಯೂ 2000ದ ನಂತರ ಮತ್ತೆ ಏರಿದೆ.

ಸುಣ್ಣ ಹಾಕಿದರೆ ಸರಿಹೋಗುವುದಿಲ್ಲವೇ?

ಜರ್ಮನಿಯಲ್ಲಿ 1980ರ ದಶಕದಿಂದ ಮೆಗ್ನೀಸಿಯಂ ಇರುವ ಡಾಲಮೈಟ್ ಸುಣ್ಣಕಲ್ಲಿನ ಪುಡಿಯನ್ನು ಹೆಕ್ಟೇರಿಗೆ ಸಾಮಾನ್ಯವಾಗಿ 3 ಟನ್ನಿನಂತೆ ಹೆಲಿಕಾಪ್ಟರಿನಿಂದ ಹರಡಲಾಗುತ್ತಿದೆ. ಮೆಗ್ನೀಸಿಯಂ ಕೊರತೆಯ ಹಳದಿಗೆ ಇದು ಗುಣಕಾರಿ. ಅದರ ಮಿತಿಗಳೂ ಇವೆ: ಸುಣ್ಣ ಆಳಕ್ಕೆ ಇಳಿಯಲು ದಶಕಗಳು ಬೇಕು, ಹ್ಯೂಮಸ್ ಬೇಗ ಕೊಳೆತು ನೈಟ್ರೇಟ್ ಅಂತರ್ಜಲಕ್ಕೆ ಇಳಿಯಬಹುದು, ಮೇಲೆ ಮಾತ್ರ ಪೋಷಕಾಂಶ ಸಿಗುವುದರಿಂದ ಬೇರು ಇನ್ನಷ್ಟು ಮೇಲಕ್ಕೆ ಬರಬಹುದು, ಹುಳಿ ನೆಲಕ್ಕೆ ಹೊಂದಿಕೊಂಡ ಪಾಚಿ ಮತ್ತು ಸಸ್ಯಗಳು ನಶಿಸಬಹುದು. ಆದ್ದರಿಂದ ಸಹಜವಾಗಿಯೇ ಆಮ್ಲೀಯವಾದ ಸೂಕ್ಷ್ಮ ತಾಣಗಳನ್ನು ಬಿಟ್ಟು, ಜೊತೆಗೆ ಬೀಚ್, ಫರ್ ಮುಂತಾದ ಮರಗಳನ್ನು ಬೆರೆಸಿ ನೆಡುವುದೇ ಸರಿಯಾದ ದಾರಿ ಎಂಬುದು ನಮ್ಮ ಅಭಿಪ್ರಾಯ.

ಕಲಬುರಗಿಯ ಎರೆ ಭೂಮಿಗೂ ಇಂತಹ ಗತಿ ಬರಬಹುದೇ?

ಸದ್ಯದ ಯಾವ ಲೆಕ್ಕದಲ್ಲೂ ಬರಲಾರದು. ಚಿತ್ತಾಪುರ, ಶಹಾಬಾದ್, ಸೇಡಂ ಭಾಗದ ತಳದಲ್ಲಿ ಭೀಮಾ ಸುಣ್ಣಕಲ್ಲಿನ ಪದರಗಳಿವೆ, ಮನೆಗೆ ಹಾಸುವ ಶಹಾಬಾದ್ ಪರಸಿ ಅದೇ ಕಲ್ಲು. ಉಳಿದ ಬಹುಭಾಗದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಮೃದ್ಧವಾಗಿರುವ ಕಪ್ಪು ಬಸಾಲ್ಟ್ ಶಿಲೆ. ಇಲ್ಲಿ ಬೀಳುವ ಮಳೆಗಿಂತ ಆವಿಯಾಗುವ ಸಾಮರ್ಥ್ಯವೇ ಹೆಚ್ಚು, ಆದ್ದರಿಂದ ಸುಣ್ಣ ಬಸಿದುಹೋಗದೆ ಹರಳುಗಳಾಗಿ ಮಣ್ಣಿನಲ್ಲಿಯೇ ಉಳಿಯುತ್ತದೆ. ಒಂದು ಲೆಕ್ಕ ನೋಡಿ: ಒಂದು ಹೆಕ್ಟೇರಿನ 15 ಸೆಂ.ಮೀ. ಆಳದ ಮಣ್ಣು ಸುಮಾರು 2,000 ಟನ್ ತೂಗುತ್ತದೆ. ಅದರಲ್ಲಿ ಶೇ 1ರಷ್ಟು ಸುಣ್ಣವಿದ್ದರೂ 20 ಟನ್ ಆಯಿತು. ಜರ್ಮನಿಯ ಕಾಡಿಗೆ ಒಮ್ಮೆ ಹಾಕುವುದು 3 ಟನ್. ಭಾರತದ ಒಣ ಭಾಗಗಳಲ್ಲಿ ಗಾಳಿಯಲ್ಲಿ ತೇಲುವ ಕ್ಷಾರೀಯ ದೂಳು ಕೂಡ ಮಳೆಯ ಆಮ್ಲವನ್ನು ಬಹುಮಟ್ಟಿಗೆ ತಟಸ್ಥಗೊಳಿಸುತ್ತದೆ. ನಮ್ಮ ಮಣ್ಣಿನ ಕಷ್ಟಗಳು ಬೇರೆ: ಸಾವಯವ ಇಂಗಾಲದ ಕೊರತೆ, ಸತು ಮತ್ತು ಕಬ್ಬಿಣದ ಅಲಭ್ಯತೆ, ಕೃಷ್ಣಾ ಕಾಲುವೆಯ ಸುರಪುರ, ಶಹಾಪುರ ಕಡೆ ಸವಳು-ಜವಳು.

ಬೀದರಿನ ಕೆಂಪು ಜಂಬಿಟ್ಟಿಗೆ ಮತ್ತು ಯಾದಗಿರಿಯ ಮಸಾರಿ ಮಣ್ಣು?

ಇಲ್ಲಿ ಉತ್ತರ ಅಷ್ಟು ನಿಶ್ಚಿಂತೆಯದಲ್ಲ. ಬೀದರಿನ ಕೋಟೆ ಕಟ್ಟಿದ, ನೌಬಾದಿನ ಸುರಂಗ ಬಾವಿ ಕೊರೆದ ಜಂಬಿಟ್ಟಿಗೆ ಲಕ್ಷಾಂತರ ವರ್ಷಗಳ ಬಸಿತದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಳೆದುಕೊಂಡು ಕಬ್ಬಿಣ, ಅಲ್ಯೂಮಿನಿಯಂ ಆಕ್ಸೈಡ್‌ಗಳನ್ನು ಉಳಿಸಿಕೊಂಡ ಪದಾರ್ಥ. ಪೋಷಕಾಂಶ ಹಿಡಿದಿಡುವ ಶಕ್ತಿ ಅದಕ್ಕೆ ಕಡಿಮೆ. ಆದರೂ ರಸಸಾರ 5.5ರ ಮೇಲಿರುವವರೆಗೆ ಅಲ್ಯೂಮಿನಿಯಂ ಗಮನಾರ್ಹವಾಗಿ ಕರಗುವುದಿಲ್ಲ, ಇಲ್ಲಿನ ಹೆಚ್ಚಿನ ಹೊಲಗಳು ಆ ಮಿತಿಯ ಮೇಲೆಯೇ ಇವೆ. ಗುರುಮಠಕಲ್ ಸುತ್ತಲಿನ ಗ್ರಾನೈಟ್ ಮೂಲದ ಹಗುರ ಮರಳು ಮಣ್ಣಿಗೂ ತಡೆಯುವ ಶಕ್ತಿ ಕಡಿಮೆ. ಇಂತಹ ಮಣ್ಣಿಗೆ ವರ್ಷವರ್ಷವೂ ಅಮೋನಿಯಂ ಆಧಾರಿತ ಗೊಬ್ಬರ ಮಾತ್ರ ಹಾಕುತ್ತಿದ್ದರೆ ರಸಸಾರ ಮೆಲ್ಲಗೆ ಇಳಿಯುತ್ತದೆ. ಸಗಣಿ ಗೊಬ್ಬರ ಕೊಡುವುದು, ಮೂರು ವರ್ಷಕ್ಕೊಮ್ಮೆ ಮಣ್ಣು ಪರೀಕ್ಷೆ ಮಾಡಿಸುವುದು ಇಲ್ಲಿ ನಿಜಕ್ಕೂ ಅಗತ್ಯ.

ತೊಗರಿಯ ನೆಟೆ ರೋಗವೂ ಇದೇ ಬಗೆಯದೇ?

ಅಲ್ಲ. ನೆಟೆ ರೋಗ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕುವ ಫ್ಯುಸೇರಿಯಂ ಶಿಲೀಂಧ್ರದಿಂದ ಬರುತ್ತದೆ. ಅದು ಬೇರಿನಿಂದ ಹೊಕ್ಕು ನೀರು ಸಾಗುವ ನಾಳಗಳನ್ನು ಕಟ್ಟಿಬಿಡುತ್ತದೆ. ಸ್ಪ್ರೂಸಿನ ಅವನತಿಗೆ ಅಂತಹ ಒಂದೇ ಜೀವಿಯ ಕಾರಣವಿಲ್ಲ. ಕಾಂಡ ಸೀಳಿ ಕಂದು ಗೆರೆ ನೋಡಿ ನೆಟೆ ರೋಗವನ್ನು ಗುರುತಿಸಿದಂತೆ ಸ್ಪ್ರೂಸಿನಲ್ಲಿ ಒಂದೇ ಗುರುತಿನಿಂದ ತೀರ್ಮಾನಿಸಲು ಆಗುವುದಿಲ್ಲ.

ಕಾಡಿನ ಮಣ್ಣನ್ನು ಪರೀಕ್ಷಿಸಲು ಮಾದರಿ ತೆಗೆಯುವುದು ಹೇಗೆ? ಹೊಲದ ಕ್ರಮವೇ ಸಾಕೇ?

ಸಾಲದು. ಹೊಲದಲ್ಲಿ ಉಳುಮೆ ಮಾಡಿ ಮಣ್ಣು ಬೆರೆತಿರುತ್ತದೆ, ಆದ್ದರಿಂದ 15 ಸೆಂ.ಮೀ. ಆಳದ ಮಿಶ್ರ ಮಾದರಿ ಸಾಕಾಗುತ್ತದೆ. ಕಾಡಿನಲ್ಲಿ ಪದರಗಳೇ ಕಥೆ ಹೇಳುತ್ತವೆ. ಎಲೆಹಾಸನ್ನು ಬೇರೆಯಾಗಿ, ಖನಿಜ ಮಣ್ಣನ್ನು 0–10, 10–30, 30–60 ಸೆಂ.ಮೀ. ಹೀಗೆ ಬೇರೆ ಬೇರೆಯಾಗಿ ತೆಗೆಯಬೇಕು. ಕಾಂಡದ ಬುಡದಲ್ಲಿ ಇಳಿಯುವ ನೀರಿನಿಂದ ಆಮ್ಲತೆ ಹೆಚ್ಚಾಗಿರುವ ಸಂಭವ ಇರುವುದರಿಂದ ಬುಡದಿಂದ ದೂರವನ್ನೂ ಬರೆದಿಡಬೇಕು. ರಸಸಾರವನ್ನು ನೀರಿನಲ್ಲಿ ಅಳೆದಿರೋ ಉಪ್ಪಿನ ದ್ರಾವಣದಲ್ಲಿ ಅಳೆದಿರೋ ಎಂದು ನಮೂದಿಸದಿದ್ದರೆ ಅಂಕಿಗಳನ್ನು ಹೋಲಿಸಲು ಬರುವುದಿಲ್ಲ, ಏಕೆಂದರೆ ಉಪ್ಪಿನ ದ್ರಾವಣದಲ್ಲಿ ಅದು ಸಾಮಾನ್ಯವಾಗಿ ಅರ್ಧದಿಂದ ಒಂದು ಅಂಕಿಯಷ್ಟು ಕಡಿಮೆ ಬರುತ್ತದೆ. ಅದರೊಂದಿಗೆ ವಿನಿಮಯಶೀಲ (ಕಣಗಳ ಮೇಲ್ಮೈಯಲ್ಲಿ ಹಿಡಿದಿದ್ದು ಜಾಗ ಬಿಟ್ಟುಕೊಡಬಲ್ಲ) ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ, ಅಲ್ಯೂಮಿನಿಯಂಗಳನ್ನು ಅಳೆಯಿಸಿ. ಚಿಂಚೋಳಿಯ ಕಾಡಿನಲ್ಲಿ ಅಭ್ಯಾಸಕ್ಕಾಗಿ ಮಾದರಿ ತೆಗೆಯಬಯಸುವ ವಿದ್ಯಾರ್ಥಿಗಳು ಅದು ವನ್ಯಜೀವಿಧಾಮವಾದ್ದರಿಂದ ಅರಣ್ಯ ಇಲಾಖೆಯ ಅನುಮತಿಯನ್ನು ಮುಂಚಿತವಾಗಿ ಪಡೆಯಬೇಕು, ಗುಂಡಿಯ ಜಾಗವನ್ನು ನಕ್ಷೆಯಲ್ಲಿ ಗುರುತಿಸಿಡಬೇಕು. ಹತ್ತು ವರ್ಷಗಳ ನಂತರ ಅದೇ ಜಾಗದ ಪಕ್ಕದಲ್ಲಿ ಮತ್ತೊಬ್ಬರು ಅಗೆದಾಗ ಮಾತ್ರ ಮೊದಲ ಅಂಕಿಗೆ ಬೆಲೆ ಬರುತ್ತದೆ.